ಗಿರಣಿಗೂ ಕಸೂತಿಗೂ ನಡುವೆ ಇಳಿದವರು

ನನ್ನ ಸ್ಕೂಟರಿಗೆ ಈ ಭೂಮಿಯ ಮೇಲೆ ಒಬ್ಬರೇ ಒಬ್ಬ ಶತ್ರುವಿದ್ದರು, ಅವರು ನಮ್ಮ ಎದುರು ಮನೆಯಲ್ಲೇ ಇದ್ದರು. ಗವಿಪುರದ ಈ ಇಳಿಜಾರು ಗಲ್ಲಿಗೆ ನಾನು ಬಾಡಿಗೆಗೆ ಬಂದ ಹೊಸತು. ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಸ್ಕೂಟರನ್ನು ಅವರ ಗೇಟಿನ ಮುಂದೆ ನಿಲ್ಲಿಸಿಬಿಟ್ಟಿದ್ದೆ. ಬಿಳಿ ಪಂಚೆ, ತೋಳಿಲ್ಲದ ಬನಿಯನ್ನು, ಜಾರಿದ ಕನ್ನಡಕದ ಹಿರಿಯರೊಬ್ಬರು ಹೊರಗೆ ಬಂದು, ಸ್ಕೂಟರಿಗೆ ಒಂದು ಪ್ರದಕ್ಷಿಣೆ ಹಾಕಿ, ಬಹಳ ವಿನಯದಿಂದ ಹೇಳಿದರು.

“ನೋಡೀಮ್ಮ, ನಿಮ್ ಗಾಡಿ ನನ್ ಕ್ರಿಟಿಕಲ್ ಏರಿಯಾದಲ್ಲಿ ನಿಂತಿದೆ.”

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವತ್ತು ಬೇರೆ ಲಾರಿಯವನು ನನ್ನ ಮಿಕ್ಸಿ ಒಡೆದಿದ್ದ. “ಹಂಗಂದ್ರೆ ಏನ್ರೀ? ರಸ್ತೆ ಏನು ನಿಮ್ ತಾತಂದಾ?” ಎಂದೆ.

“ರಸ್ತೆ ಕಾರ್ಪೊರೇಷನ್ದು. ಆದ್ರೆ ನಾನಿಲ್ಲಿ ಕೂತ್ರೆ ಕೆಳಗಡೆ ಹೋಟ್ಲು ತನಕ ಕಾಣ್ಬೇಕು. ಮಧ್ಯೆ ಏನೂ ಅಡ್ಡ ಇರ್ಬಾರ್ದು. ಸ್ವಲ್ಪ ಬಲಕ್ಕೆ ಹಾಕ್ಕೊಳ್ಳಿ, ಸಾಕು.”

ಅಷ್ಟರಲ್ಲಿ ಒಳಗಿನಿಂದ ಒಂದು ಹೆಂಗಸಿನ ದನಿ ಬಂತು. “ಅವನ ಮಾತು ತಲೆಗೆ ಹಾಕ್ಕೋಬೇಡಿ! ಒಳಗೆ ಬನ್ನಿ, ಕಾಫಿ ಕುಡಿಯೋರಂತೆ.” ಅದು ಅವರ ತಂಗಿ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅಣ್ಣ ತಂಗಿ ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ವಯಸ್ಸಿನಲ್ಲಿ ಅಣ್ಣ ದೊಡ್ಡವರು, ಮನೆಯಲ್ಲಿ ತಂಗಿ ದೊಡ್ಡವರು. ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದ ನಾನು ಕಾಫಿ ಕುಡಿದು, ಚಕ್ಕುಲಿ ತಿಂದು, ಸ್ಕೂಟರನ್ನು ಬಲಕ್ಕೆ ಸರಿಸಿ ಮನೆಗೆ ಬಂದೆ.

ಆ ಅಣ್ಣನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದು ಹೊಗಳಿದ್ದರೆ, “ಸ್ವಲ್ಪ ಜಾಸ್ತಿ ಕಡೆಗೆ ಹೋಯ್ತು” ಎನ್ನುತ್ತಿದ್ದರು. ಅವರು ಮಾತಾಡುತ್ತಿದ್ದುದೇ ಹಾಗೆ. ಯಾವುದನ್ನೂ ಚೆನ್ನಾಗಿದೆ ಅನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುತ್ತಿರಲಿಲ್ಲ. ಎಷ್ಟು ತಪ್ಪಿದೆ, ಯಾವ ಕಡೆಗೆ ತಪ್ಪಿದೆ, ಅಷ್ಟೇ. ನಾನು ಆಸೆಯಿಂದ ಹುಳಿ ಕೊಟ್ಟರೆ “ಸ್ವಲ್ಪ ಉಪ್ಪಿನ ಕಡೆಗೆ.” ಹೊಸ ಸೀರೆ ಉಟ್ಟು ಎದುರಿಗೆ ನಿಂತರೆ “ನೆರಿಗೆ ಸ್ವಲ್ಪ ಎಡಕ್ಕೆ.” ತಂಗಿ ಬೆಳಗ್ಗೆ ಬಾಗಿ ಬಾಗಿ ಬಿಡಿಸಿದ ರಂಗೋಲಿಗೂ ಅದೇ ತೀರ್ಪು.

“ಹಾಗಾದ್ರೆ ನಾಳೆಯಿಂದ ನೀನೇ ಹಾಕು,” ಎಂದು ಅವರು ರಂಗೋಲಿ ಡಬ್ಬಿಯನ್ನು ಕುಕ್ಕುತ್ತಿದ್ದರು.

“ಹಾಕೋದು ನನ್ ಕೆಲ್ಸ ಅಲ್ಲಮ್ಮ. ಎಷ್ಟು ತಪ್ಪಿದೆ ಅಂತ ಹೇಳೋದಷ್ಟೇ ನನ್ ಕೆಲ್ಸ.”

ಅಪರೂಪಕ್ಕೆ, ಎಲ್ಲವೂ ಸರಿಯಾಗಿದ್ದಾಗ ಮಾತ್ರ, “ಸೂಜಿ ನಡುವಿದೆ” ಎಂದು ಒಂದು ಮಾತು ಬೀಳುತ್ತಿತ್ತು. ನನಗೆ ಅದು ಒಮ್ಮೆ ಸಿಕ್ಕಿದ್ದು ಕೊಬ್ಬರಿ ಮಿಠಾಯಿಗೆ. ತಂಗಿಗೆ ಒಂದು ಸಲವೂ ಸಿಕ್ಕಿರಲಿಲ್ಲ, ಆ ಸಂಕಟವನ್ನು ಅವರು ನನ್ನ ಹತ್ತಿರ ಎಷ್ಟೋ ಸಲ ತೋಡಿಕೊಂಡಿದ್ದರು.

ಈ ಸೂಜಿ ಎಲ್ಲಿಂದ ಬಂತು ಅಂದರೆ ವಿಮಾನದಿಂದ. ಊರಿನ ಪೂರ್ವಕ್ಕಿರುವ ಹಳೆಯ ಏರ್‌ಪೋರ್ಟಿನಲ್ಲಿ ಅವರಿಗೆ ಕೆಲಸವಿತ್ತು. ಮಂಜು ಕವಿದಿರಲಿ, ಮಳೆ ಹುಯ್ಯಲಿ, ಕಣ್ಣಿಗೆ ನೆಲ ಕಾಣದ ಪೈಲಟ್ಟಿಗೆ ರನ್‌ವೇ ದಾರಿ ತೋರಿಸುವ ರೇಡಿಯೋ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಅದನ್ನು ವಿವರಿಸಲು ಅವರಿಗೆ ಬೇಕಾಗುತ್ತಿದ್ದುದು ಹೋಟೆಲಿನ ಒಂದು ಮೇಜು ಮತ್ತು ಎರಡು ಕಾಫಿ ಲೋಟ. ನಮ್ಮ ಗಲ್ಲಿಯ ಇಳಿಜಾರು ಮುಗಿಯುವಲ್ಲಿ ಒಂದು ದರ್ಶಿನಿ ಹೋಟೆಲು ಇದೆ. ಬೆಳಗಿನ ಹೊತ್ತು ಅವರ ವಯಸ್ಸಿನವರೆಲ್ಲ ಅಲ್ಲಿ ಸೇರಿ ಸರ್ಕಾರ ಉರುಳಿಸುತ್ತಿದ್ದರು. ಇವರು ಮಾತ್ರ ವಿಮಾನ ಇಳಿಸುತ್ತಿದ್ದರು.

“ನೋಡಿ, ರನ್‌ವೇ ಆ ತುದೀಲಿ ಇಬ್ರು ನಿಂತಿದಾರೆ ಅಂದ್ಕೊಳ್ಳಿ,” ಎಂದು ಲೋಟಗಳನ್ನು ಮೇಜಿನ ಆ ಅಂಚಿಗೆ ಇಡುತ್ತಿದ್ದರು. “ಎಡಗಡೆಯವನದು ದಪ್ಪ ದನಿ, ಬಲಗಡೆಯವನದು ಸಣ್ಣ ದನಿ. ಇಬ್ರೂ ಒಂದೇ ಸಮ ಕೂಗ್ತಾ ಇದಾರೆ. ವಿಮಾನದಲ್ಲಿರೋ ಪೆಟ್ಟಿಗೆಗೆ ದಪ್ಪ ದನಿ ಜಾಸ್ತಿ ಕೇಳಿಸ್ತು, ಸೂಜಿ ವಾಲ್ತು. ಅಂದ್ರೆ ಎಡಕ್ಕೆ ಹೋಗಿದೀಯ, ಬಲಕ್ಕೆ ಬಾ ಅಂತ. ಎರಡೂ ಸಮ ಕೇಳಿಸ್ತು ಅನ್ನಿ, ಸೂಜಿ ನಡುವೆ. ನೀನು ರನ್‌ವೇ ನೇರಕ್ಕೇ ಇದೀಯ. ಮೇಲೆ ಕೆಳಗೆ ನೋಡ್ಕೊಳ್ಳೋಕೆ ಇಂಥದ್ದೇ ಇನ್ನೊಂದು ಜೋಡಿ. ಅಷ್ಟೇ ಕಣ್ರೀ.”

“ಅಂದ್ರೆ ನೀವು ಕೈ ಹಿಡ್ಕೊಂಡು ಇಳಿಸಿದ ಹಾಗೆ,” ಎಂದು ಯಾರೋ ಹೊಗಳಿದರೆ ಅವರಿಗೆ ಆಗುತ್ತಿರಲಿಲ್ಲ.

“ಛೆ ಛೆ! ನಾನು ಯಾವ್ ವಿಮಾನದ ಕೈಯನ್ನೂ ಹಿಡೀಲಿಲ್ಲ. ಇಳ್ದೋರು ಅವರೇ.”

ಆ ಯಂತ್ರಗಳ ಮುಂದೆ ಹುಲ್ಲು ಎತ್ತರ ಬೆಳೆಯಬಾರದಂತೆ, ದನ ನಿಲ್ಲಬಾರದಂತೆ, ಜೀಪು ನಿಲ್ಲಬಾರದಂತೆ. ನಿಂತರೆ ದನಿ ಬಾಗಿ, ವಿಮಾನಕ್ಕೆ ಇಲ್ಲದ ದಾರಿ ಕಾಣುತ್ತದಂತೆ. ಆ ಜಾಗವೇ ಕ್ರಿಟಿಕಲ್ ಏರಿಯಾ. ನನ್ನ ಬಡಪಾಯಿ ಸ್ಕೂಟರು ಆ ಲೆಕ್ಕದಲ್ಲಿ ದನವಾಗಿತ್ತು ಎಂದು ತಿಳಿದದ್ದು ಆಮೇಲೆ.

ಇನ್ನೊಂದು ಸಂಗತಿಯನ್ನು ಅವರು ಬಹಳ ಪ್ರೀತಿಯಿಂದ ಹೇಳುತ್ತಿದ್ದರು. ಯಂತ್ರದ ಮುಂದೆ ಇನ್ನೊಂದು ಪುಟ್ಟ ಯಂತ್ರ ಕೂತು, ಅದು ಆಡುವ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತದಂತೆ. ಮಾತು ಚೂರು ತಪ್ಪಿದರೂ ಸಾಕು, ಬಾಯಿ ಮುಚ್ಚಿಸಿಬಿಡುತ್ತದಂತೆ. “ಸುಳ್ಳು ದಾರಿ ತೋರ್ಸೋದಕ್ಕಿಂತ ಬಾಯಿ ಮುಚ್ಕೊಂಡಿರೋದು ವಾಸಿ,” ಎನ್ನುತ್ತಿದ್ದರು. “ನಿಮ್ಮಣ್ಣನಿಗೆ ಮನೇಲೂ ಅಂಥದ್ದೊಂದು ಇದೆಯಲ್ಲ,” ಎಂದು ನಾನು ತಂಗಿಯ ಕಡೆ ನೋಡಿದರೆ ಇಬ್ಬರೂ ನಗುತ್ತಿದ್ದರು.

ಈ ತತ್ವವನ್ನು ಅವರು ಗಲ್ಲಿಗೂ ತಂದರು. ಗುಹೆಯ ದೇವಸ್ಥಾನಕ್ಕೆ ದಾರಿ ಕೇಳಿಕೊಂಡು ಬರುವವರು ನಮ್ಮಲ್ಲಿ ಬಹಳ. ನಮ್ಮ ಗಲ್ಲಿಯವರಾದರೋ ಗೊತ್ತಿರಲಿ ಬಿಡಲಿ, “ಸೀದಾ ಹೋಗಿ ಲೆಫ್ಟ್ ತಗೊಳ್ಳಿ” ಅಂದುಬಿಡುವ ದಾನಶೂರರು. ಇವರು ಮಾತ್ರ, ಒಂದು ತಿರುವಿನ ಬಗ್ಗೆ ಅನುಮಾನವಿದ್ದರೂ, “ಗೊತ್ತಿಲ್ಲ!” ಎಂದು ಗಟ್ಟಿಯಾಗಿ ಕೂಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಊಟ ತಲುಪಿಸುವ ಹುಡುಗರೆಲ್ಲ ಅವರನ್ನು ಸಿಡುಕ ಅಂದುಕೊಂಡಿದ್ದರು. ಪಾಪ, ಸಿಡುಕು ನನ್ನದು.

ಆಮೇಲೆ ಅವರ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಹಿಂದಕ್ಕೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅವರನ್ನು ನೋಡಲು ಹೋದರೆ, “ಬನ್ನೀಮ್ಮ. ನಂಗೆ ಈಗ ದಿನಾ ಡಿಸೆಂಬರು,” ಎಂದು ನಕ್ಕರು. ಡಿಸೆಂಬರಿನ ಮುಂಜಾವು ಏರ್‌ಪೋರ್ಟಿನಲ್ಲಿ ಮಂಜು ಜಾಸ್ತಿಯಂತೆ.

ಒಂದು ದಿನ ಹೋಟೆಲಿಗೆ ಹೋಗುವಾಗ ಬೈಕೊಂದು ಅವರನ್ನು ಸವರಿಕೊಂಡು ಹೋಯಿತು. ಮೊಣಕೈ ತರಚಿತು, ಅಷ್ಟೇ. ಆದರೆ ಅದೇ ದಿನ ತಂಗಿ ಗೇಟಿಗೆ ಬೀಗ ಹಾಕಿಸಿದರು. ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡರು. ಹೋಟೆಲಿನ ಕಾಫಿ ಫ್ಲಾಸ್ಕಿನಲ್ಲಿ ಮನೆಗೆ ಬರತೊಡಗಿತು.

“ಫ್ಲಾಸ್ಕ್ ಕಾಫೀಲಿ ಡಿಕಾಕ್ಷನ್ ಇರತ್ತೆ, ಹಾಲಿರತ್ತೆ, ಊರ ಸುದ್ದಿ ಇರಲ್ಲ,” ಎಂದು ಅವರು ಲೋಟವನ್ನು ಹಾಗೇ ಇಟ್ಟರು. ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದೆ. ಬೇಡವೆಂದರು. ತಂಗಿ ತಾನೇ ಬರುತ್ತೇನೆ ಎಂದರು. ಅದೂ ಬೇಡ. “ಒಬ್ಬನೇ ಹೋಗಿ, ಒಬ್ಬನೇ ಬರ್ಬೇಕು. ಅದು ಹೋದ್ರೆ ನಂಗೆ ಇನ್ನೇನುಳೀತು ಹೇಳಿ,” ಎಂದಾಗ ಅವರ ದನಿ ಮೊದಲ ಸಲ ಒಡೆದದ್ದನ್ನು ಕೇಳಿದೆ. ತಂಗಿ ಅಡುಗೆಮನೆಗೆ ಎದ್ದುಹೋದರು. ಬೀಗ ಮಾತ್ರ ತೆಗೆಯಲಿಲ್ಲ.

ಅವರು ಗೇಟಿನ ಒಳಗೆ ಕುರ್ಚಿ ಹಾಕಿಸಿಕೊಂಡು, ಕಣ್ಣು ಮುಚ್ಚಿ, ಸುಮ್ಮನೆ ಕೂರತೊಡಗಿದರು. ಮನಸ್ಸು ಕುಗ್ಗಿತೇನೋ ಎಂದು ನನಗೆ ಭಯವಾಯಿತು. ಒಂದು ಬೆಳಗ್ಗೆ ಕರೆದು ಗುಟ್ಟಾಗಿ ಹೇಳಿದರು: “ಸಿಕ್ತು ಕಣಮ್ಮ. ನಮ್ ಗಲ್ಲೀಲೇ ಇದೆ. ಇಷ್ಟು ದಿನ ಕಣ್ಣಿತ್ತು ನೋಡಿ, ಕಿವಿಗೇ ಬಿದ್ದಿರ್ಲಿಲ್ಲ.”

ಗಲ್ಲಿಯ ಕೆಳತುದಿಯಲ್ಲಿ, ಹೋಟೆಲಿಗೆ ಮೊದಲು, ಎಡಕ್ಕೊಂದು ಹಿಟ್ಟಿನ ಗಿರಣಿ, ಅದರ ನೇರ ಎದುರಿಗೆ ಬಲಕ್ಕೊಂದು ಕಸೂತಿ ಅಂಗಡಿ. ಗಿರಣಿ ಹಣೆ ತುಂಬ ವಿಭೂತಿ ಬಳಿದ ಮಲ್ಲಣ್ಣನವರದು, ತಾತನ ಕಾಲದ್ದು. ಕಸೂತಿ ಅಂಗಡಿ ಸರೋಜಮ್ಮನದು. ಚಿಕ್ಕಪೇಟೆಯ ಸೀರೆ ಅಂಗಡಿಗಳಿಗೆ ಮಿಷಿನ್ನಿನಲ್ಲಿ ಅಂಚು ಹಾಕಿಕೊಡುವ ಕೆಲಸ. ಗಿರಣಿಯದು ದಪ್ಪ ದನಿ. ಕಸೂತಿ ಮಿಷಿನ್ನಿನದು ಸಣ್ಣ ದನಿ. ಎರಡೂ ಸಮ ಕೇಳಿಸುವ ಹಾಗೆ ನಡೆದರೆ ಗಲ್ಲಿಯ ನಟ್ಟನಡುವೆ ನಡೆದಂತೆ. ಅಂಚಿಗೆ ಹೋದರೆ ಚಪ್ಪಡಿ ಹಾರಿಹೋದ ಚರಂಡಿ, ಜಗಲಿ, ನಮ್ಮೆಲ್ಲರ ಸ್ಕೂಟರುಗಳು. ಗಲ್ಲಿಯ ಬಾಯಿಗೆ ಕಲ್ಲು ನೆಟ್ಟಿರುವುದರಿಂದ ಕಾರು ಬರುವಂತಿಲ್ಲ, ಬೈಕಿನವರಿಗೆ ನಡುವೆ ನಡೆಯುವವರು ದೂರದಿಂದಲೇ ಕಾಣುತ್ತಾರೆ. ಇಡೀ ಗಲ್ಲಿಯಲ್ಲಿ ಕ್ಷೇಮವಾದ ಜಾಗವೆಂದರೆ ನಡುವೆಯೇ.

“ಗ್ಲೈಡ್ ಪಾತೂ ಫ್ರೀ,” ಎಂದರು ಇಳಿಜಾರಿನ ಕಡೆ ಕೈ ತೋರಿಸಿ. “ವಿಮಾನ ಇಳಿಯೋ ಓರೆ ಏರ್‌ಪೋರ್ಟಲ್ಲಿ ಮೂರು ಡಿಗ್ರಿ. ಇಲ್ಲಿ ಸ್ವಲ್ಪ ಜಾಸ್ತಿ ಕಡೆಗಿದೆ, ಕಾರ್ಪೊರೇಷನ್ನವರು ಮಾಡಿದ್ದಲ್ವಾ.”

ನಾನು ದಲ್ಲಾಳಿಯಾದೆ. ಗಿರಣಿ ತೆರೆಯುತ್ತಿದ್ದುದು ಹೊತ್ತೇರಿದ ಮೇಲೆ. ಬೆಳಗಿನ ಕಾಫಿಯ ಹೊತ್ತಿಗೇ ತೆರೆಯಿರಿ ಎಂದರೆ ಮಲ್ಲಣ್ಣ ಗಡ್ಡ ತುರಿಸಿಕೊಂಡರು. “ಕಾಳಿಲ್ದೆ ಖಾಲಿ ಕಲ್ಲು ತಿರುಗ್ಸಿದ್ರೆ ಕಲ್ಲು ಹಾಳಾಗ್ತದಲ್ಲ ತಾಯಿ.” ಗಲ್ಲಿಯವರ ರಾಗಿ, ಗೋಧಿ ಎಲ್ಲವೂ ಇನ್ನು ಮೇಲೆ ಹಿಂದಿನ ಸಂಜೆಯೇ ಬಂದು ಬೀಳುವ ಹಾಗೆ ಮಾಡುತ್ತೇನೆ ಎಂದು ಮಾತು ಕೊಟ್ಟೆ. ಮನೆಮನೆಗೆ ಹೋಗಿ ದಬಾಯಿಸಿ ಮಾಡಿಸಿಯೂ ಮಾಡಿಸಿದೆ. ಸರೋಜಮ್ಮ ಮಾತ್ರ, “ಮಾಮೂಲ್‌ಪೇಟೆಯಿಂದ ದಾರ ಬಂದಿದ್ರೆ ನಮ್ ಮಿಷಿನ್ ಕೋಳಿ ಕೂಗೋಕ್ ಮುಂಚೆನೇ ಶುರು, ಸಾರ್‌ಗೆ ಹೇಳಿ,” ಎಂದು ನಕ್ಕರು.

ಉಳಿದದ್ದು ತಂಗಿ. ಕೊನೆಗೆ ಅವರೂ, “ಒಂದೇ ಒಂದು ಸಲ. ನಾನು ಗೇಟಲ್ಲಿ ನಿಂತು ನೋಡ್ತೀನಿ. ಸರಿ ಕಾಣ್ಲಿಲ್ವೋ, ಆಮೇಲೆ ಈ ಮಾತೇ ಎತ್ತಬಾರ್ದು,” ಎಂದರು. ಅಣ್ಣ ಒಪ್ಪಿದರು. ಆ ಗೇಟು ಮತ್ತೆ ತೆರೆಯುತ್ತದೋ ಇಲ್ಲವೋ ಆ ಒಂದು ನಡಿಗೆಯ ಮೇಲೆ ನಿಂತಿತ್ತು.

ಪರೀಕ್ಷೆಯ ದಿನ ಬೆಳಗ್ಗೆ ನಾನು ಹೋಟೆಲಿನ ಮೆಟ್ಟಿಲ ಮೇಲೆ ನಿಂತೆ. ಮೇಲುಗಡೆ ತಂಗಿ ಬೀಗ ತೆಗೆದರು. ಗಿರಣಿ ಗುರುಗುಡುತ್ತಿತ್ತು, ಕಸೂತಿ ಮಿಷಿನ್ನು ಕಿರಿಗುಟ್ಟುತ್ತಿತ್ತು. ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕೋಲು ಹಿಡಿದು ಅವರು ಹೊರಟರು. ತುಸು ಎಡಕ್ಕೆ ಹೋದರು, ತಲೆ ವಾಲಿಸಿ ಕೇಳಿದರು, ಬಲಕ್ಕೆ ಬಂದರು. ಆಹಾ, ಏನು ಗಾಂಭೀರ್ಯ! ಆ ನಡಿಗೆಯ ಮುಂದೆ ನಾನು ಮದುವೆಮನೆಗಳಲ್ಲಿ ಕಂಡ ಮದುವಣಿಗರೆಲ್ಲ ಏನೇನೂ ಅಲ್ಲ.

ಗುಟ್ಟು ನಮ್ಮ ಗಲ್ಲಿಯಲ್ಲಿ ನಿಂತೀತೇ? ಬಾಗಿಲು ಬಾಗಿಲಲ್ಲೂ ಜನ. ಮೊದಲು ಸುಮ್ಮನಿದ್ದರು. ಆಮೇಲೆ ಒಬ್ಬರಿಗೆ ಪ್ರೀತಿ ತಡೆಯಲಾಗಲಿಲ್ಲ. “ಸಾರ್, ಚೂರು ಲೆಫ್ಟು!” ಎಂದರು. ಎದುರು ಮನೆಯವರು ಬಿಟ್ಟಾರೆಯೇ? “ಅಲ್ಲಲ್ಲ, ರೈಟು ರೈಟು!” ಅಣ್ಣ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಮತ್ತೆ ಹೆಜ್ಜೆ ಇಟ್ಟರು. ಅರ್ಧ ದಾರಿ ಮುಗಿದಿತ್ತು.

ಆಗ ನಮ್ಮ ಮಲ್ಲಣ್ಣ, ಆ ಪುಣ್ಯಾತ್ಮ, ದೊಡ್ಡವರು ಬರುತ್ತಿರುವಾಗ ಈ ಗದ್ದಲ ಚೆನ್ನಾಗಿರುವುದಿಲ್ಲವೆಂದು ಗಿರಣಿಯನ್ನು ನಿಲ್ಲಿಸಿ, ಹೆಗಲ ಟವೆಲು ತೆಗೆದು, ಕೈ ಮುಗಿದುಕೊಂಡು ಹೊರಗೆ ಬಂದು ನಿಂತರು!

ದಪ್ಪ ದನಿ ಸತ್ತುಹೋಯಿತು. ಇನ್ನು ಕೇಳುತ್ತಿದ್ದುದು ಸಣ್ಣ ದನಿಯೊಂದೇ. ಅವರ ಲೆಕ್ಕದಲ್ಲಿ ಅದರ ಅರ್ಥ ಪೂರ್ತಿ ಬಲಕ್ಕೆ ಹೋಗಿದ್ದೀಯ, ಎಡಕ್ಕೆ ಬಾ ಎಂದು. ಎಡಕ್ಕೆ ಚಪ್ಪಡಿಯಿಲ್ಲದ ಚರಂಡಿ ಬಾಯಿ ತೆರೆದುಕೊಂಡಿತ್ತು. ಅವರು ಎತ್ತಿದ ಕಾಲು ಎತ್ತಿದಂತೆಯೇ ನಿಂತಿತು.

ಆ ಕಾಲನ್ನು ಅವರು ಎತ್ತಿದ್ದ ಜಾಗದಲ್ಲೇ ಇಳಿಸಿದರು. ಕೋಲನ್ನು ಮೇಲೆತ್ತಿ, ಇಡೀ ಗಲ್ಲಿಗೆ ಕೇಳಿಸುವಂತೆ, “ಗೋ ಅರೌಂಡ್!” ಎಂದರು. ನೆಲ ಖಚಿತವಾಗದಿದ್ದರೆ ಪೈಲಟ್ಟು ಇಳಿಯದೆ ಮತ್ತೆ ಮೇಲೇರಿಬಿಡುವುದಕ್ಕೆ ಅವರಲ್ಲಿ ಹೇಳುವ ಮಾತು ಅದು. ಹಿಂದಕ್ಕೆ ತಿರುಗಿ, ಕೋಲಿನಿಂದ ಕಾಂಪೌಂಡು ಗೋಡೆಯನ್ನು ತಡವಿಕೊಳ್ಳುತ್ತ, ನಿಧಾನವಾಗಿ ಮನೆಯತ್ತ ಹತ್ತಿದರು.

ನಾನು ಮಲ್ಲಣ್ಣನ ಮೇಲೆ ಹರಿಹಾಯ್ದೆ. “ಏನ್ ಮಾಡಿಬಿಟ್ರಿ! ಯಾರ್ ನಿಲ್ಸು ಅಂದ್ರು ನಿಮಗೆ?” ಅವರ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. “ಮರ್ಯಾದೆ ಕೊಡೋಣ ಅಂತ ನಿಲ್ಸಿದೆ ತಾಯಿ...” ಬೈಗುಳ ಅರ್ಧಕ್ಕೇ ನುಂಗಿಕೊಂಡು ಮೇಲಕ್ಕೆ ಓಡಿದೆ.

ಅವರು ಕುರ್ಚಿಯಲ್ಲಿ ಕೂತು ನೀರು ಕುಡಿಯುತ್ತಿದ್ದರು. ತಂಗಿ ಗೇಟಿಗೆ ಒರಗಿ ನಿಂತಿದ್ದರು. ಎಲ್ಲಾ ಮುಗಿಯಿತು ಅಂದುಕೊಂಡೆ.

“ಒಂದು ದನಿ ನಿಂತ್ರೂ ಇನ್ನೊಂದಿತ್ತಲ್ಲ, ಮುಂದಕ್ಕೆ ಯಾಕೆ ಹೋಗ್ಲಿಲ್ಲ?” ತಂಗಿ ಕೇಳಿದರು, ತರಗತಿಯಲ್ಲಿ ಕೇಳುವಂತೆ.

“ನಾನು ದಾರಿ ತಪ್ಪಿದ್ರೆ ಆ ದನಿ ನಿಧಾನಕ್ಕೆ ಕಮ್ಮಿ ಆಗ್ಬೇಕು. ಒಂದೇ ಸಲಕ್ಕೆ ಹೋಯ್ತು ಅಂದ್ರೆ ಮಾತಾಡೋನು ಬಾಯಿ ಮುಚ್ದ ಅಂತ. ಇನ್ನೊಬ್ಬನನ್ನೇ ನಂಬ್ಕೊಂಡು ಹೋದ್ರೆ ಚರಂಡಿ.”

“ಇಷ್ಟು ಜನ ನೋಡ್ತಿದ್ರು. ನಾಚಿಕೆ ಆಗ್ಲಿಲ್ವಾ?”

“ವಾಪಸ್ ಹೋಗೋಕೆ ನಾಚ್ಕೊಳ್ಳೋ ಪೈಲಟ್ಟನ್ನ ಯಾರೂ ಕೆಲಸಕ್ಕಿಟ್ಕೊಳಲ್ಲಮ್ಮ.”

ತಂಗಿ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟರು. “ನಂಗೆ ಭಯ ಇದ್ದಿದ್ದು ನಿನ್ ಕಣ್ಣಿಂದಲ್ಲ ಕಣೋ, ನಿನ್ ಹಟದಿಂದ. ನಾಲ್ಕು ಜನ ನೋಡ್ತಿದಾರೆ ಅಂತ ನುಗ್ಗಿಬಿಡ್ತೀಯೇನೋ ಅಂದ್ಕೊಂಡಿದ್ದೆ. ನಾಳೆಯಿಂದ ಹೋಗು,” ಎಂದು ಹೇಳಿ, ನಾವು ನೋಡಬಾರದೆಂದು ಮುಖ ಆ ಕಡೆ ಮಾಡಿಕೊಂಡರು. ನಾನಂತೂ ನಾಚಿಕೆ ಬಿಟ್ಟು ಅತ್ತೆ.

ಮರುದಿನ ಅವರು ಇಳಿದರು. ಗಲ್ಲಿಗೆ ಗಲ್ಲಿಯೇ ಉಸಿರು ಬಿಗಿಹಿಡಿದು ಬಾಗಿಲ ಸಂದಿಯಿಂದ ನೋಡಿತು, ಒಬ್ಬರೂ ತುಟಿ ಎರಡು ಮಾಡಲಿಲ್ಲ. ಮಲ್ಲಣ್ಣ ಗಿರಣಿಗೆ ಬೇಕೆಂದೇ ಎರಡು ಸೇರು ರಾಗಿ ಜಾಸ್ತಿ ಸುರಿದಿದ್ದರು. ಅಣ್ಣ ಎರಡು ದನಿಗಳ ನಡುವೆ ಹಾದು, ಹೋಟೆಲಿನ ಕಟ್ಟೆಯನ್ನು ಕೈಯಿಂದ ಮುಟ್ಟಿ, “ಟಚ್‌ಡೌನ್” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕಾಫಿ ಒಂದು ಗುಟುಕು ಕುಡಿದು, “ಸ್ವಲ್ಪ ಸಕ್ಕರೆ ಕಡೆಗೆ,” ಎಂದರು. ಹೋಟೆಲಿನವನಿಗೆ ಅಷ್ಟು ಖುಷಿಯಾದದ್ದನ್ನು ನಾನು ನೋಡಿರಲಿಲ್ಲ.

ಆಮೇಲೆ ಅದು ದಿನದ ಮಾತಾಯಿತು. ಕರೆಂಟು ಹೋದ ದಿನ ಅವರು ಗೇಟಿನಿಂದಲೇ “ಏರ್‌ಪೋರ್ಟ್ ಬಂದ್” ಎಂದು ಸಾರಿ ಒಳಗೆ ಹೋಗುತ್ತಿದ್ದರು. ನನ್ನ ಸ್ಕೂಟರು ಮಾತ್ರ ಕೊನೆಯವರೆಗೂ ಅವರ ಶತ್ರುವಾಗಿಯೇ ಉಳಿಯಿತು. ಕೋಲು ಹೋಗಿ ಹೋಗಿ ಅದಕ್ಕೇ ತಗುಲುತ್ತಿತ್ತು. “ದನ ಇನ್ನೂ ಇಲ್ಲೇ ಇದೆಯಾ?” ಎಂದು ಕೇಳುತ್ತಿದ್ದರು.

ಹೋದ ತಿಂಗಳು ಅವರು ಮಧ್ಯಾಹ್ನದ ನಿದ್ದೆಯಲ್ಲೇ ಹೋಗಿಬಿಟ್ಟರು. ಮರುದಿನ ಬೆಳಗ್ಗೆ ಎತ್ತಿದರು. ಗಲ್ಲಿಯೊಳಗೆ ವ್ಯಾನು ಬರುವಂತಿಲ್ಲವಾದ್ದರಿಂದ ಕೆಳಗಿನ ಕಲ್ಲಿನವರೆಗೆ ಹೆಗಲ ಮೇಲೇ ಒಯ್ಯಬೇಕಿತ್ತು. ಸಾವಿನ ಮನೆಗೆ ಮರ್ಯಾದೆಯೆಂದು ನಮ್ಮಲ್ಲಿ ಅಂಗಡಿಗಳ ಬಾಗಿಲು ಅರ್ಧ ಇಳಿಸುತ್ತಾರೆ, ಮಿಷಿನ್ನು ನಿಲ್ಲಿಸುತ್ತಾರೆ. ಅವತ್ತೂ ಗಿರಣಿ ನಿಂತಿತ್ತು, ಕಸೂತಿ ನಿಂತಿತ್ತು. ಗಲ್ಲಿ ಅಷ್ಟು ಮೌನವಾಗಿದ್ದುದು ನನಗೆ ನೆನಪಿಲ್ಲ.

ತಂಗಿ ಗೇಟಿನಲ್ಲಿ ನನ್ನ ತೋಳು ಹಿಡಿದರು.

“ಮಿಷಿನ್ ಹಾಕ್ಸೇ.”

ನನಗೆ ಒಂದು ಕ್ಷಣ ತಿಳಿಯಲಿಲ್ಲ.

“ಎರಡೂ ಹಾಕ್ಸು. ಇಷ್ಟು ನಿಶ್ಶಬ್ದ ಇದ್ರೆ ಅವನು ವಾಪಸ್ ಬಂದ್ಬಿಡ್ತಾನೆ.”

ಸೆರಗು ಸಿಕ್ಕಿಸಿಕೊಂಡು ಇಳಿಜಾರಿನಲ್ಲಿ ಓಡಿದೆ. ಮಲ್ಲಣ್ಣ, “ಇಂಥಾ ಹೊತ್ನಲ್ಲಾ ತಾಯಿ?” ಎಂದು ಒಂದು ಮಾತು ಕೇಳಿದರು, ನನ್ನ ಮುಖ ನೋಡಿ ಇನ್ನೊಂದು ಕೇಳಲಿಲ್ಲ. ಗಿರಣಿ ಗುರುಗುಟ್ಟಿತು. ಎದುರಿಗೆ ಸರೋಜಮ್ಮ ಕಣ್ಣೊರೆಸಿಕೊಳ್ಳುತ್ತ ಮಿಷಿನ್ನಿನ ಗುಂಡಿ ಒತ್ತಿದರು. ಚಿಕ್ಕಪೇಟೆಯ ಯಾವುದೋ ಮದುವೆ ಸೀರೆಗೆ ಅಂಚು ಬೀಳತೊಡಗಿತು.

ನಾನು ಏದುಸಿರು ಬಿಡುತ್ತ ಮತ್ತೆ ಗೇಟಿಗೆ ಬಂದಾಗ ಅವರನ್ನು ಹೊತ್ತವರು ಇಳಿಯುತ್ತಿದ್ದರು. ಸಾಲುಗಟ್ಟಿ ನಿಂತ ಸ್ಕೂಟರುಗಳನ್ನು ತಪ್ಪಿಸಲು ಹೋಗಿ ಚರಂಡಿಯ ಕಡೆಗೆ ವಾಲಿದರು.

“ಸ್ವಲ್ಪ ಬಲಕ್ಕೆ,” ಎಂದರು ತಂಗಿ. ಅಷ್ಟು ದೂರಕ್ಕೆ ಕೇಳಿಸುವ ದನಿಯೇನಲ್ಲ. ಆದರೂ ಹೊತ್ತವರು ಬಲಕ್ಕೆ ಸರಿದು, ಗಲ್ಲಿಯ ನಡುವಿಗೆ ಬಂದು, ಗಿರಣಿಯನ್ನೂ ಕಸೂತಿಯನ್ನೂ ಒಟ್ಟಿಗೇ ದಾಟಿದರು.

“ಹಾಂ. ಸೂಜಿ ನಡುವಿದೆ,” ಎಂದು ಹೇಳಿ ಅವರು ಒಳಗೆ ಹೋದರು. ಗೇಟನ್ನು ಮುಚ್ಚಲಿಲ್ಲ.